ಕೋತಿ ಹೆದರದ ಪಿಸ್ತೂಲಿನ ಬಗ್ಗೆ ಹನಕೆರೆಯಿಂದ ಒಂದು ದೂರು

ಅಗ್ಗದ ವಿದೇಶಿ ಪಿಸ್ತೂಲುಗಳನ್ನು ನಮ್ಮಂಥವರ ಮನೆ ಬಾಗಿಲಿಗೇ ತಂದು ಮುಟ್ಟಿಸುವ ವಜ್ರಘೋಷ ಇಂಪೋರ್ಟ್ಸ್ ಕಂಪನಿಯ, ಗ್ರಾಹಕ ಸಂತೃಪ್ತಿ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ಹನಕೆರೆ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಿಂದ ನಯನ ಮಾಡುವ ಅನಂತ ನಮಸ್ಕಾರಗಳು. ತಾವೂ ತಮ್ಮ ಗೋದಾಮೂ ಕ್ಷೇಮವೆಂದು ನಂಬಿದ್ದೇನೆ. ನನ್ನ ಯಜಮಾನರಾದ ಜಯಪ್ರಕಾಶರು ಪಿಸ್ತೂಲು ತರಿಸುವಾಗ ಅವರ ನಂಬರಿನ ಬದಲು ನನ್ನ ಮೊಬೈಲ್ ನಂಬರು ಕೊಟ್ಟಿದ್ದರಿಂದ, ಕಳೆದ ಒಂದು ವರ್ಷದಿಂದ ತಾವು ವಾರಕ್ಕೊಮ್ಮೆ ತಪ್ಪದೆ ನನ್ನನ್ನು ವಿಚಾರಿಸಿಕೊಳ್ಳುತ್ತಿದ್ದೀರಿ: ನಮ್ಮ ಪಿಸ್ತೂಲು ಹೇಗಿದೆ, ಕೊಳ್ಳಲು ಯೋಗ್ಯವೇ, ನಿಮ್ಮ ಬಂಧುಮಿತ್ರರಿಗೆ ಹೇಳುವಿರಾ ಎಂದು. ನನ್ನ ತವರಿನವರೂ ಇಷ್ಟು ಅಕ್ಕರೆಯಿಂದ ವಿಚಾರಿಸಿಕೊಂಡವರಲ್ಲ. ಆದರೆ ತಾವು ಉತ್ತರಕ್ಕೆಂದು ಬಿಟ್ಟಿರುವುದು ಐದು ನಕ್ಷತ್ರ ಮತ್ತು ಎರಡು ಸಾಲು ಮಾತ್ರ, ನನ್ನ ಉತ್ತರ ಅದರಲ್ಲಿ ಹಿಡಿಯುವುದಿಲ್ಲವಾದ್ದರಿಂದ ಹೀಗೆ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ವಿಷಯವನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ತಮ್ಮ ಪಿಸ್ತೂಲಿಗೆ ಒಂದು ಕೋತಿಯನ್ನು ಹೆದರಿಸುವ ಯೋಗ್ಯತೆ ಇಲ್ಲ, ಆದರೆ ಅದೇ ಪಿಸ್ತೂಲು ನನ್ನ ನಾದಿನಿ ರಂಜಿತಳ ಪಾಲಿನ ಮೂವತ್ತು ಗುಂಟೆ ಗದ್ದೆಯನ್ನು ಮುಕ್ಕಾಲು ಪಾಲು ನುಂಗಿ ಕೂತಿದೆ. ಉಳಿದ ಕಾಲು ಭಾಗವನ್ನು ಬರುವ ಗುರುವಾರ ನೋಂದಣಿ ಕಚೇರಿಯಲ್ಲಿ ನುಂಗುವುದೆಂದು ಗೊತ್ತಾಗಿದೆ. ಅಲ್ಲಿ ಸಾಕ್ಷಿಯಾಗಿ ಸಹಿ ಹಾಕಬೇಕಾದವಳು ನಾನು, ಆದ್ದರಿಂದ ಗುರುವಾರದ ಒಳಗೆ ಈ ಪತ್ರ ತಮ್ಮ ಕೈ ಸೇರಲೇಬೇಕಾಗಿದೆ.

ನಾನು ಗೆಜ್ಜಲಗೆರೆಯ ಒಂದು ಗಾರ್ಮೆಂಟ್ಸಿನಲ್ಲಿ ಹನ್ನೊಂದು ವರ್ಷದಿಂದ ಚೆಕಿಂಗ್ ಕೆಲಸ ಮಾಡುತ್ತೇನೆ. ಹೊಲಿದು ಬಂದ ಅಂಗಿಯನ್ನು ಮೇಜಿನ ಮೇಲೆ ಹರವಿ, ದಾರ ಬಿಟ್ಟಿದ್ದರೆ, ಗುಂಡಿ ವಾರೆಯಾಗಿದ್ದರೆ ಅಲ್ಲೊಂದು ಕೆಂಪು ಸ್ಟಿಕ್ಕರ್ ಅಂಟಿಸಿ ವಾಪಸ್ಸು ಕಳಿಸುವುದು ನನ್ನ ಕೆಲಸ. ಊರಲ್ಲಿ ನನ್ನನ್ನು ಕೊಂಕು ಹುಡುಕುವವಳು ಅನ್ನುತ್ತಾರೆ, ಸಂಬಳ ಕೊಡುವುದೇ ಅದಕ್ಕೆ ಎಂದು ನಾನು ಹೇಳುತ್ತೇನೆ. ತಮ್ಮ ಮಾಲನ್ನೂ ಅದೇ ಕಣ್ಣಿನಿಂದ ನೋಡಿದ್ದೇನೆಂದು ತಾವು ತಿಳಿಯಬೇಕು.

ಪಿಸ್ತೂಲು ಬಂದದ್ದು ಕೋತಿಗಳ ದೆಸೆಯಿಂದ. ನಮ್ಮ ತೆಂಗಿನ ಮರಗಳಿಗೆ ಒಂದು ಹಿಂಡು ಬಂದು ಎಳನೀರು ಕಿತ್ತು, ಅರ್ಧ ಕುಡಿದು, ಉಳಿದದ್ದನ್ನು ನಮ್ಮ ಮೇಲೇ ಎಸೆಯುತ್ತಿದ್ದ ಕಾಲದಲ್ಲಿ, ಯಜಮಾನರು ಮೊಬೈಲಿನಲ್ಲಿ ತಮ್ಮ ಜಾಹೀರಾತನ್ನು ಕಂಡರು. ಲೈಸೆನ್ಸು ಬೇಡ, ಗಾಳಿಯ ಒತ್ತಡದಿಂದ ಹಾರುವ ಸಣ್ಣ ಗುಂಡು, ನೋಡಲು ಮಾತ್ರ ಅಪ್ಪಟ ಅಸಲಿ, ಬೆಲೆ ಒಂದು ಜೊತೆ ಒಳ್ಳೆಯ ಬೂಟಿನಷ್ಟು. ಅದರ ಕೆಳಗೆ ಯಾವ ಯಂತ್ರ ಬರೆಯಿತೋ ಗೊತ್ತಿಲ್ಲದ ಕನ್ನಡದಲ್ಲಿ, ‘ತಮ್ಮ ಮನೆ ಸ್ತ್ರೀಗಳಿಗೆ ಭದ್ರತೆ ಭಾವನೆ, ಶತ್ರು ನೋಡಿದ ಕೂಡಲೇ ತೃಪ್ತಿ ಹೊಂದುವನು’ ಎಂದಿತ್ತು. ಈ ವಾಕ್ಯದ ಎರಡನೆಯ ಭಾಗ ಅಕ್ಷರಶಃ ನಿಜವಾಯಿತೆಂದು ತಿಳಿಸಲು ಸಂತೋಷವಾಗುತ್ತದೆ. ಯಜಮಾನರು ಮೊದಲ ದಿನ ಹಾರಿಸಿದ ಮೊದಲ ಗುಂಡು ಕೋತಿಯ ಎಡಕ್ಕೆ ಎರಡು ಮಾರು ದೂರದಲ್ಲಿದ್ದ ನಮ್ಮ ನೀರಿನ ಟ್ಯಾಂಕಿಗೆ ಬಿತ್ತು, ಕೋತಿ ಕೆಳಗಿಳಿದು ಬಂದು ಆ ತೂತಿನಿಂದ ಸುರಿಯುತ್ತಿದ್ದ ನೀರು ಕುಡಿದು ತೃಪ್ತಿ ಹೊಂದಿ ಹೋಯಿತು. ಅಂದಿನಿಂದ ಯಜಮಾನರು ಗುಂಡು ಹಾರಿಸುವುದನ್ನು ಬಿಟ್ಟು ಫೋಟೋ ತೆಗೆಸಿಕೊಳ್ಳುವುದಕ್ಕೆ ಶುರು ಮಾಡಿದರು.

ಅಷ್ಟರಲ್ಲಿ ಆಯುಧಪೂಜೆ ಬಂತು. ತಾವು ಯಾವ ದೇಶದಿಂದ ಮಾಲು ತರಿಸುತ್ತೀರೋ ಆ ದೇಶದವರಿಗೆ ಈ ಹಬ್ಬದ ವಿಚಾರ ಗೊತ್ತಿರಲಾರದು. ಆ ದಿನ ನಮ್ಮಲ್ಲಿ ಟ್ರ್ಯಾಕ್ಟರಿನಿಂದ ಹಿಡಿದು ಕುಡುಗೋಲು, ಮಚ್ಚು, ಈಳಿಗೆಮಣೆಯವರೆಗೆ ಎಲ್ಲವನ್ನೂ ತೊಳೆದು, ಸಾಲಾಗಿ ಜೋಡಿಸಿ, ವಿಭೂತಿ ಕುಂಕುಮ ಇಟ್ಟು, ಚೆಂಡುಹೂ ಮುಡಿಸುತ್ತೇವೆ. ತಮ್ಮ ಪಿಸ್ತೂಲನ್ನೂ ನನ್ನ ಅತ್ತೆ ಅಂಕಮ್ಮನವರು ನೀರಿನಲ್ಲಿ ಅದ್ದಿ ಶ್ರದ್ಧೆಯಿಂದ ತೊಳೆದು, ನಳಿಗೆಯ ಸುತ್ತ ಗಂಧ ಮೆತ್ತಿದರು. ನಳಿಗೆಯ ತುದಿಯಲ್ಲಿದ್ದ ಸಣ್ಣ ತೂತು ಊದುಬತ್ತಿ ಸಿಗಿಸಲಿಕ್ಕೆಂದೇ ಕಂಪನಿಯವರು ಬಿಟ್ಟದ್ದೆಂದು ತಿಳಿದು, ಪಿಸ್ತೂಲನ್ನು ಅಕ್ಕಿ ತುಂಬಿದ ಸೇರಿನಲ್ಲಿ ನೆಟ್ಟಗೆ ನಿಲ್ಲಿಸಿ ಎರಡು ಊದುಬತ್ತಿ ಹಚ್ಚಿ ಸಿಗಿಸಿದರು. ಕಡ್ಡಿ ಎಷ್ಟು ಬಿಗಿಯಾಗಿ ಕೂತಿತೆಂದರೆ, ಸಂಜೆ ಕೀಳಲು ಹೋದಾಗ ಮುರಿದು ಒಳಗೇ ಉಳಿಯಿತು. ನಾನು ಹೇರ್‌ಪಿನ್ನು ಹಾಕಿ ಎಳೆಯಲು ಹೋಗಿ ಇನ್ನೂ ಒಳಕ್ಕೆ ತಳ್ಳಿದೆ, ಅದರ ಮೇಲೆ ಗಂಧ ಒಣಗಿ ಕಲ್ಲಾಯಿತು. ಅತ್ತೆ ನನ್ನ ಕೈ ಹಿಡಿದುಕೊಂಡು, “ಯೋಳ್ಬ್ಯಾಡ ಕಣವ್ವ, ರೇಗ್ತಾನೆ” ಅಂದರು. ನಾನು ಹೇಳಲಿಲ್ಲ. ಹೀಗೆ ತಮ್ಮ ಪಿಸ್ತೂಲು ಇನ್ನೆಂದೂ ಸಿಡಿಯದೆಂಬ ಸತ್ಯ ಈ ಲೋಕದಲ್ಲಿ ಅತ್ತೆ ಸೊಸೆ ಇಬ್ಬರಿಗೆ ಮಾತ್ರ ಗೊತ್ತಿತ್ತು.

ಸಿಡಿಯುವ ಅಗತ್ಯವೇ ಇಲ್ಲವೆಂಬ ಇನ್ನೊಂದು ಸತ್ಯವನ್ನು ಯಜಮಾನರು ಬೇಸಿಗೆಯಲ್ಲಿ ಕಂಡುಕೊಂಡರು. ಮಳವಳ್ಳಿಯಲ್ಲಿ ನಮ್ಮ ನೆಂಟರಾದ ಚಿಕ್ಕಣ್ಣನವರ ಮನೆಯ ಬೀಗರೂಟ. ನಮ್ಮ ಕಡೆ ಮದುವೆಗೆ ತಪ್ಪಿಸಿಕೊಂಡರೂ ಬೀಗರೂಟಕ್ಕೆ ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಹೋಗಿದ್ದ ಯಜಮಾನರು ಎರಡನೆಯ ಮುದ್ದೆಗೆ ಬಗ್ಗಿದಾಗ ಅದು ಜಾರಿ, ಠಣ್ಣೆಂದು ನೆಲಕ್ಕೆ ಬಿತ್ತು. ಆ ಸಾಲಿನಲ್ಲಿ ಊಟಕ್ಕೆ ಕೂತಿದ್ದ ನಲವತ್ತು ಜನ ಎಂಜಲು ಕೈಯಲ್ಲೇ ಎದ್ದು ಗೋಡೆಗೆ ಅಂಟಿಕೊಂಡರು, ಮಾಂಸದ ಬಕೆಟ್ಟು ಹಿಡಿದವನು ಬಕೆಟ್ಟಿನ ಸಮೇತ ಹೊರಗೆ ಓಡಿದ. ಯಜಮಾನರು ನಿಧಾನವಾಗಿ ಅದನ್ನು ಎತ್ತಿ ಒರೆಸಿ ಮತ್ತೆ ಸೊಂಟಕ್ಕೆ ಇಟ್ಟುಕೊಂಡರು. ಚಿಕ್ಕಣ್ಣನವರೇ ಓಡಿ ಬಂದು, “ಕೂತ್ಕಳಪ್ಪ, ಕೂತ್ಕಳಪ್ಪ, ಏನ್ ಬೇಕೇಳು” ಎನ್ನುತ್ತ ಅವರ ಎಲೆಗೆ ನಲ್ಲಿಮೂಳೆಗಳ ಗುಡ್ಡೆಯನ್ನೇ ಹಾಕಿಸಿದರು. ಹತ್ತೊಂಬತ್ತು ವರ್ಷ ಕಬ್ಬು ಬೆಳೆದರೂ ಸಿಗದಿದ್ದ ಮರ್ಯಾದೆ ನನ್ನ ಯಜಮಾನರಿಗೆ ಒಂದು ಊದುಬತ್ತಿ ಸ್ಟ್ಯಾಂಡಿನಿಂದ ಸಿಕ್ಕಿತು. ಆಮೇಲೆ ಮದ್ದೂರಿನ ಇನ್ನೊಂದು ಬೀಗರೂಟದಲ್ಲಿ ತಮ್ಮದೇ ಕಂಪನಿಯ ಮೂರು ಪಿಸ್ತೂಲುಗಳನ್ನು ಮೂರು ಸೊಂಟಗಳಲ್ಲಿ ನಾನೇ ಎಣಿಸಿದ್ದೇನೆ, ತಮ್ಮ ವ್ಯಾಪಾರ ಹೆಚ್ಚಿದ್ದಕ್ಕೆ ಅಭಿನಂದನೆಗಳು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ರಂಜಿತ ನನ್ನ ಯಜಮಾನರ ಒಬ್ಬಳೇ ತಂಗಿ, ಕಿರುಗಾವಲಿಗೆ ಕೊಟ್ಟಿರುವುದು. ಅವಳ ಗಂಡ ಕೆಂಪರಾಜು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಾನೆ, ಸ್ವಂತ ಜಮೀನಿಲ್ಲ. ಇವಳು ಬೇರೆಯವರ ಗದ್ದೆಯನ್ನು ವಾರಕ್ಕೆ ಮಾಡಿ, ಬೆಳೆದದ್ದರಲ್ಲಿ ಅರ್ಧವನ್ನು ಅವರ ಮನೆಗೆ ಹೊತ್ತುಹಾಕುತ್ತಾಳೆ. ನನ್ನ ಮಾವನವರು ಹಾಸಿಗೆ ಹಿಡಿದ ಎಂಟು ತಿಂಗಳು ಎರಡು ಬಸ್ಸು ಬದಲಿಸಿ ಬಂದು ಅವರ ಹೇಲು ಉಚ್ಚೆ ಬಳಿದವಳು ಅವಳು. ನಾಲೆಯ ಪಕ್ಕದ ಮೂವತ್ತು ಗುಂಟೆ ರಂಜಿತಳಿಗೆ ಎಂದು ಮಾವನವರು ನಮ್ಮೆಲ್ಲರ ಎದುರಿಗೇ ಹೇಳಿದ್ದರು. ಹೇಳದಿದ್ದರೂ ಕಾನೂನಿನಲ್ಲಿ ಅವಳಿಗೆ ಪಾಲಿದೆ. ಆದರೆ ಮಾವನವರು ತೀರಿಕೊಂಡ ಮೇಲೆ, ತಂಗಿ ಹಕ್ಕು ಬಿಟ್ಟುಕೊಟ್ಟಂತೆ ಬರೆದ ಒಂದು ಪತ್ರವನ್ನು ಯಜಮಾನರು ಛಾಪಾ ಕಾಗದದ ಮೇಲೆ ಸಿದ್ಧ ಮಾಡಿಸಿ ಬೀರುವಿನಲ್ಲಿ ಇಟ್ಟುಕೊಂಡಿದ್ದರು.

ಈ ಸಲದ ಗೌರಿ ಹಬ್ಬಕ್ಕೆ ಅವಳನ್ನು ಬಾಗಿನಕ್ಕೆಂದು ಕರೆಸಿದೆವು. ಅಣ್ಣನ ಮನೆಯ ಬಾಗಿನವೆಂದರೆ ನಮ್ಮ ಹೆಣ್ಣುಮಕ್ಕಳು ಜ್ವರವಿದ್ದರೂ ಬರುತ್ತಾರೆ. ಅವಳು ತಲೆಗೆ ಮಲ್ಲಿಗೆ ಮುಡಿದು ಬೆಳಗಿನ ಬಸ್ಸಿಗೇ ಬಂದಳು. ನಡುಮನೆಯ ಟೀಪಾಯಿಯ ಒಂದು ಬದಿಗೆ ಬಳೆ, ಬಿಚ್ಚೋಲೆ, ಧಾನ್ಯ ತುಂಬಿ ಮುಚ್ಚಿದ ಮೊರದ ಬಾಗಿನ, ಇನ್ನೊಂದು ಬದಿಗೆ ಆ ಪತ್ರ. ಮೇಲೆ ಫ್ಯಾನು ತಿರುಗುತ್ತಿತ್ತು, ಪತ್ರ ಹಾರದಿರಲೆಂದು ಅದರ ಮೇಲೆ ತಮ್ಮ ಪಿಸ್ತೂಲು. ಬಾಯಿ ಅವಳ ಕಡೆಗೆ. “ಪೇಪರ್ ಆರ್ದೇ ಇರ್ಲಿ ಅಂತ ಮಡ್ಗಿವ್ನಿ ಕಣವ್ವ, ಎದ್ರಕಬ್ಯಾಡ. ಒಂದ್ ಸೈನ್ ಹಾಕ್ಬುಟ್ಟು ಉಂಡ್ಕಂಡು ಓಗು” ಎಂದು ಯಜಮಾನರು ಬಹಳ ಪ್ರೀತಿಯಿಂದಲೇ ಹೇಳಿದರು. ಫ್ಯಾನಿನ ಸ್ವಿಚ್ಚು ಅವರ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು.

ರಂಜಿತ ಪಿಸ್ತೂಲು ನೋಡಿದಳು, ತನ್ನ ತಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು. ಅದು ಸಿಡಿಯದೆಂದು ಗೊತ್ತಿದ್ದವರು ಆ ನಡುಮನೆಯಲ್ಲಿ ಇಬ್ಬರು, ಇಬ್ಬರೂ ಹೆಂಗಸರು, ಇಬ್ಬರೂ ಸುಮ್ಮನಿದ್ದೆವು. ಯಜಮಾನರು ಕೊಟ್ಟ ಪೆನ್ನು ಬರೆಯಲಿಲ್ಲ. ನನ್ನ ಬ್ಯಾಗಿನಿಂದ ಬೇರೆ ಪೆನ್ನು ತೆಗೆದು ಅವಳ ಕೈಗೆ ಕೊಟ್ಟವಳು ನಾನು. ಅವಳು ಸಹಿ ಹಾಕಿದಳು, ಒಬ್ಬಟ್ಟು ಮುಟ್ಟಲಿಲ್ಲ, ಮಧ್ಯಾಹ್ನದ ಬಸ್ಸಿಗೆ ಹೊರಟವಳು ಬಾಗಿನದ ಮೊರವನ್ನು ನಮ್ಮ ಜಗುಲಿಯ ಮೇಲೆಯೇ ಬಿಟ್ಟು ಹೋದಳು. ಹನ್ನೊಂದು ವರ್ಷದಲ್ಲಿ ಒಂದು ದಾರ ಬಿಟ್ಟ ಅಂಗಿಯನ್ನೂ ನಾನು ಪಾಸು ಮಾಡಿದವಳಲ್ಲ, ಮಾನ್ಯರೇ. ಅಂದು ಇಷ್ಟು ದೊಡ್ಡ ಹರಕನ್ನು ಕಣ್ಣಾರೆ ಕಂಡು ಪಾಸು ಮಾಡಿದೆ, ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಹಬ್ಬದ ಮುಂದಿನ ವಾರ ನೋಂದಣಿಗೆ ದಿನ ಸಿಗಲಿಲ್ಲ, ಆಮೇಲೆ ಪಿತೃಪಕ್ಷ ಬಂತು. ಆ ಹದಿನೈದು ದಿನ ಯಾವ ಒಳ್ಳೆಯ ಕೆಲಸವನ್ನೂ ಮಾಡಬಾರದೆಂದು ಯಜಮಾನರು ಕಟ್ಟುನಿಟ್ಟಾಗಿ ಕಾದರು. ಮಾವನವರ ಫೋಟೋದ ಮುಂದೆ ಎಡೆ ಇಟ್ಟು ಕೈಮುಗಿದೆವು, ಅವರನ್ನು ನೋಡಿಕೊಂಡ ಮಗಳು ಮಾತ್ರ ಬರಲಿಲ್ಲ. ಹೀಗೆ ಕೆಲಸ ಮುಂದಕ್ಕೆ ಹೋಗಿ ಹೋಗಿ ಬರುವ ಗುರುವಾರಕ್ಕೆ ನಿಂತಿದೆ.

ಆದ್ದರಿಂದ ಕೊಳ್ಳಲು ಯೋಗ್ಯವೇ ಎಂಬ ತಮ್ಮ ಪ್ರಶ್ನೆಗೆ ನನ್ನ ಪ್ರಾಮಾಣಿಕ ಉತ್ತರ ಹೀಗಿದೆ. ಕೋತಿ ಕಾಟ ಇರುವವರು ದಯವಿಟ್ಟು ಕೊಳ್ಳಬೇಡಿ, ಒಂದು ತಮಟೆ ಸಾಕು. ಕಳ್ಳರ ಭಯ ಇರುವವರೂ ಕೊಳ್ಳಬೇಡಿ, ಕಳ್ಳನ ಹತ್ತಿರ ಇದಕ್ಕಿಂತ ಒಳ್ಳೆಯದು ಇರುತ್ತದೆ. ಅಕ್ಕತಂಗಿಯರು ಇರುವವರಿಗೆ ಮಾತ್ರ ಇಂಥ ಮಾಲು ಇನ್ನೊಂದಿಲ್ಲ, ಐದಕ್ಕೆ ಐದು ನಕ್ಷತ್ರ. ಮುಂದಿನ ಮಾದರಿಯಲ್ಲಿ ಗುಂಡು, ಕುದುರೆ, ನಳಿಗೆ ಇವುಗಳ ದಂಡದ ಖರ್ಚನ್ನು ತಾವು ಉಳಿಸಬಹುದು. ಭಾರ ಇದ್ದರಾಯಿತು, ಕಪ್ಪಗಿದ್ದರಾಯಿತು. ಜಾಹೀರಾತಿನಲ್ಲಿ ಕೋಟು ಹಾಕಿದ ಆ ಗಂಡಸಿನ ಬದಲು, ಪೆನ್ನು ಹಿಡಿದ ಒಬ್ಬ ತಂಗಿಯ ಚಿತ್ರ ಹಾಕಿಸಿದರೆ ನಮ್ಮ ಮಂಡ್ಯ ಜಿಲ್ಲೆಯೊಂದರಲ್ಲೇ ತಮ್ಮ ಗೋದಾಮು ಖಾಲಿಯಾಗುತ್ತದೆ. ಇಷ್ಟಾದ ಮೇಲೆ ತಮ್ಮಲ್ಲಿ ನನ್ನದೊಂದು ಬೇಡಿಕೆ ಇದೆ. ಹತ್ತು ದಿನದೊಳಗೆ ಮಾಲು ವಾಪಸ್ಸು ತೆಗೆದುಕೊಳ್ಳುವಿರೆಂದು ಬರೆದಿದ್ದೀರಿ, ಆ ಅವಧಿ ಮುಗಿದಿದ್ದರೂ ದೊಡ್ಡ ಮನಸ್ಸು ಮಾಡಿ ಪಿಸ್ತೂಲಿನ ಜೊತೆಗೆ ಆ ಸಹಿಯನ್ನೂ, ನಾನು ಕೊಟ್ಟ ಪೆನ್ನನ್ನೂ, ಆ ದಿನದ ನನ್ನ ಮೌನವನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ವಾಪಸ್ಸು ಒಯ್ಯಬೇಕು.

ಅದು ತಮ್ಮಿಂದ ಆಗದಿದ್ದರೆ ಚಿಂತೆಯಿಲ್ಲ. ಗುರುವಾರ ನಾನು ರಜೆ ಹಾಕಿದ್ದೇನೆ. ನೋಂದಣಿ ಅಧಿಕಾರಿಗಳು ಎಲ್ಲರನ್ನೂ ಕೇಳುವಂತೆ ರಂಜಿತಳನ್ನೂ ಒಪ್ಪಿಗೆ ಇದೆಯೇ ಎಂದು ಕೇಳುತ್ತಾರೆ, ಅವಳ ಪಕ್ಕದಲ್ಲಿ ಆಗ ನಾನು ನಿಂತಿರುತ್ತೇನೆ. ಸಾಕ್ಷಿಯ ಜಾಗದಲ್ಲಿ ನಾನು ಸಹಿ ಹಾಕುವುದಿಲ್ಲ, ಆ ಪತ್ರದ ಮೇಲೆ ಏನು ಕೂತಿತ್ತೆಂದು ಹೇಳುತ್ತೇನೆ. ಈ ವಿಷಯವನ್ನು ಅತ್ತೆಗೆ ತಿಳಿಸಿದಾಗ ಅವರು ಎದ್ದು ಹೋಗಿ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಬಿಸಿಲಿಗೆ ಹಾಕಿದರು. “ಅವ್ಳ್ನ ಎತ್ತೋಳ್ ನಾನು. ನಾನೂ ಬತ್ತೀನಿ ನಡಿ” ಅಂದರು.

ತಮ್ಮ ಮಾಲಿನಲ್ಲಿ ವಿಶ್ವಾಸ ಕಳೆದುಕೊಂಡರೂ ಪತ್ರದ ಮರ್ಯಾದೆಗಾಗಿ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,

ನಯನ
ಹನಕೆರೆ

ಮರೆತ ಮಾತು: ಈ ಪತ್ರವನ್ನು ಯಜಮಾನರಿಗೆ ಕಾಣದಂತೆ ಕಳಿಸುವುದು ಸರಿಯಲ್ಲವೆಂದು ನಿನ್ನೆ ಅವರ ಕೈಗೇ ಕೊಟ್ಟೆ. ಪೂರ್ತಿ ಓದಿದರು. ಬೈಯಬಹುದು, ಪಿಸ್ತೂಲು ತಂದು ಮುಂದಿಡಬಹುದು ಎಂದುಕೊಂಡಿದ್ದೆ, ಎರಡೂ ಆಗಲಿಲ್ಲ. ಮುಖ ಸಣ್ಣದು ಮಾಡಿಕೊಂಡು, “ಇದ್ನ ಓದುದ್ರೆ ಊರೋರೆಲ್ಲ ನಗ್ತಾರೆ ಕಣೆ” ಅಂದರು. ನಗುವವರ ಎದುರಿಗೆ ತಮ್ಮ ಪಿಸ್ತೂಲು ಕೆಲಸ ಮಾಡುವುದಿಲ್ಲವೆಂಬುದು ನನಗೆ ಆಗಲೇ ತಿಳಿದದ್ದು, ಅದನ್ನು ಇನ್ನು ಮುಂದೆ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಬೇಕಾಗಿ ವಿನಂತಿ.