ಮೂವತ್ತು ಸಹಿಗಳ ಬುಧವಾರ

ಗ್ಯಾನೆಟ್ ಬೇ ಊರಿನ ಅಂಚೆ ಕಚೇರಿಯ ಬಾಗಿಲಿಗೆ ಅಂಟಿಸಿದ್ದ ನೋಟಿಸನ್ನು ನೆವಿಲ್ ಪ್ರೌಸ್ ಮೂರು ವಾರದಿಂದ ದಿನಾ ನೋಡುತ್ತಿದ್ದ. ನೋಡುತ್ತಿದ್ದ ಅಷ್ಟೇ, ಓದಿರಲಿಲ್ಲ. ಆ ಬುಧವಾರ ಅಂಚೆಯವರು ಬಾಗಿಲು ತೆಗೆಯುವುದು ತಡವಾಯಿತು. ಮಾಡಲು ಬೇರೆ ಕೆಲಸವಿಲ್ಲದೆ ಓದಿದ. ಓದಿದವನೇ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ.

ಸಮುದ್ರದ ದಂಡೆಯ ಕ್ಯಾಸಿನೋದವರು ಹೊಸದಾಗಿ ಪೈ ಅಂಗಡಿ ತೆರೆಯುತ್ತಾರಂತೆ. ಎಲ್ಲಿ? ನೆವಿಲ್‌ನ ಪೈ ಅಂಗಡಿಯ ಎದುರಿಗೇ. ಆಕ್ಷೇಪ ಇರುವವರು ಊರಿನ ಮೂವತ್ತು ಜನರ ಸಹಿ ಹಾಕಿಸಿ ಪುರಸಭೆಗೆ ಕೊಡಬೇಕು. ಕೊನೆಯ ದಿನ ಇವತ್ತೇ, ಸಂಜೆ ಐದು ಗಂಟೆ.

ನೆವಿಲ್‌ಗೆ ಬರುತ್ತಿದ್ದದ್ದು ಒಂದೇ ವಿದ್ಯೆ, ಹಿಟ್ಟಿನ ಹೊದಿಕೆಯೊಳಗೆ ಮಾಂಸ ತುಂಬಿ ಬೇಯಿಸುವ ಪೈ ಮಾಡುವುದು. ಕ್ಯಾಸಿನೋ ಬಂದಮೇಲೆ ಬುಧವಾರಗಳಂದು ಅವನ ಅಂಗಡಿಗೆ ನೊಣವೂ ಬರುತ್ತಿರಲಿಲ್ಲ. ಅವತ್ತು ಊರವರಿಗೆಲ್ಲ ಅಲ್ಲಿ ಪುಕ್ಕಟೆ ಊಟ, ಕರೆದುಕೊಂಡು ಹೋಗಲು ಪುಕ್ಕಟೆ ಬಸ್ಸು. ಉಳಿದ ದಿನ ಹೇಗೋ ಗಾಡಿ ಓಡುತ್ತಿತ್ತು. ಎದುರಿಗೇ ಅವರ ಅಂಗಡಿ ಬಂತೆಂದರೆ ಅಪ್ಪನ ಕಾಲದ ಒಲೆ ಆರಿಸಿ ಮನೆಗೆ ಹೋಗುವುದೇ.

ಗೆರೆ ಹಾಕಿದ ದೊಡ್ಡ ಹಾಳೆಯೊಂದನ್ನು ಹುಡುಕಿ, ಮೇಲೆ ‘ಹೊಸ ಪೈ ಅಂಗಡಿಗೆ ನಮ್ಮ ಆಕ್ಷೇಪವಿದೆ’ ಎಂದು ಬರೆದು, ಮೊದಲು ಹೆಂಡತಿ ಡಲ್ಸಿಯ ಮುಂದೆ ಹಿಡಿದ.

"ನನ್ನ ಕೇಳ್ತೀಯಲ್ಲ, ಬುದ್ಧಿ ಇದೆಯಾ ನಿಂಗೆ?" ಎಂದಳು ಡಲ್ಸಿ. "ನಾನು ಅಲ್ಲೇ ಹಾಸಿಗೆ ಬಟ್ಟೆ ಮಡಚೋಳು. ಅವರ ಸಂಬಳದಲ್ಲೇ ನಿನ್ನ ಒಲೆಗೆ ಗ್ಯಾಸ್ ಬರ್ತಿರೋದು. ಮರೆತೆಯಾ?"

ನೆವಿಲ್ ಮರೆತಿರಲಿಲ್ಲ. ಅದೇ ಅವನ ತೊಂದರೆ.

ಕ್ಷೌರದ ಅಂಗಡಿಯ ಕೆವ್ ಹಾಳೆಯನ್ನು ದೂರದಿಂದಲೇ ಓದಿ ಕತ್ತರಿ ಕೆಳಗಿಟ್ಟ. ಊರಿನ ಫುಟ್‌ಬಾಲ್ ತಂಡಕ್ಕೆ ತರಬೇತಿ ಕೊಡುವವನೂ ಅವನೇ.

"ಹುಡುಗರ ಜೆರ್ಸಿ ಯಾರು ಕೊಟ್ಟಿದ್ದು ಹೇಳು? ಬೂಟ್ ಯಾರದ್ದು? ಹೋದ ವರ್ಷದವರೆಗೂ ನಮ್ಮ ಗೋಲ್‌ಕೀಪರ್ ಅವರಮ್ಮನ ತೋಟದ ಕೈಗವಸು ಹಾಕ್ಕೊಂಡು ನಿಲ್ತಿದ್ದ ಕಣೋ!"

"ನನ್ನ ಗತಿ ಏನು ಕೆವ್?"

"ನಿನ್ನ ಪೈ ಅಂದ್ರೆ ನಂಗೆ ಪ್ರಾಣ. ಆದ್ರೆ ಸಹಿ ಮಾತ್ರ ಕೇಳ್ಬೇಡ." ಕುರ್ಚಿಯಲ್ಲಿದ್ದ ಗಿರಾಕಿಯೂ ಸೋಪಿನ ನೊರೆಯೊಳಗಿಂದಲೇ ತಲೆ ಆಡಿಸಿದ.

ಚರ್ಚಿನ ಮುಂದೆ ಹೂ ಗಿಡಕ್ಕೆ ನೀರು ಹಾಕುತ್ತಿದ್ದ ಮಿಸೆಸ್ ಹ್ಯಾಲೊರನ್ ಎಂಬತ್ತು ದಾಟಿದವರು, ಊರಿಗೆಲ್ಲ ಬುದ್ಧಿ ಹೇಳುವ ಗುತ್ತಿಗೆ ಹಿಡಿದವರು. ಅವರು ಹಾಳೆಯನ್ನು ಮುಟ್ಟಲೂ ಇಲ್ಲ. ಬೆರಳೆತ್ತಿ, ಕ್ಯಾಸಿನೋದವರು ಹಾಕಿಸಿಕೊಟ್ಟ ಚರ್ಚಿನ ಹೊಸ ಚಾವಣಿ ತೋರಿಸಿದರು. ಆಮೇಲೆ ಅದೇ ಬೆರಳನ್ನು ನೆವಿಲ್‌ನ ಎದೆಗೆ ಒತ್ತಿದರು.

"ಹೋದ ಬೇಸಿಗೇಲಿ ಬೌಲ್ಸ್ ಕ್ಲಬ್ಬಿನ ಹುಲ್ಲಿನ ಮೇಲೆ ಚೆಂಡು ಉರುಳಿಸ್ತಾ ದೊಪ್ಪಂತ ಬಿದ್ದೆಯಲ್ಲ, ಎದೆಗೆ ಶಾಕ್ ಕೊಟ್ಟು ಎಬ್ಬಿಸಿದ್ದು ಯಾವ ಯಂತ್ರ? ಅದರ ಮೇಲೆ ಯಾರ ಹೆಸರು ಬರೆದಿತ್ತು?"

"ಕ್ಯಾಸಿನೋದ್ದು, ಮಿಸೆಸ್ ಹ್ಯಾಲೊರನ್."

"ಮತ್ತೆ? ಉಸಿರಾಡ್ತಿರೋದು ಅವರ ದಯೆಯಿಂದ. ಆ ಉಸಿರಲ್ಲೇ ಅವರ ಮೇಲೆ ದೂರು ಹೇಳ್ತೀಯಾ? ನಾಚಿಕೆ ಆಗಲ್ವಾ ಮಗಾ?"

ಆಗುತ್ತಿತ್ತು. ಪಾಪ, ನೆವಿಲ್ ಕೃತಘ್ನನಲ್ಲ. ಆ ಯಂತ್ರವನ್ನು ನೆನೆದು ದಿನಾ ಬೆಳಿಗ್ಗೆ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದ. ಆದರೆ ಬದುಕಿಸಿದವರೇ ಬದುಕಿಗೆ ಕಲ್ಲು ಹಾಕಿದರೆ ಮನುಷ್ಯ ಏನು ಮಾಡಬೇಕು?

ಹನ್ನೆರಡು ಗಂಟೆಗೆ ಹಾಳೆಯ ಮೇಲೆ ಎರಡೇ ಸಹಿಗಳಿದ್ದವು. ಒಂದು ಅವನದ್ದೇ. ಇನ್ನೊಂದು ಪರ್ತ್‌ನಿಂದ ಬಂದ ಪ್ರವಾಸಿಯದು, ಲೆಕ್ಕಕ್ಕಿಲ್ಲ. ಅಷ್ಟರಲ್ಲಿ ಕ್ಯಾಸಿನೋ ಬಸ್ಸು ಪಕ್ಕದಲ್ಲಿ ನಿಂತಿತು. ಚಾಲಕ ಟ್ರೆವರ್ ನೆವಿಲ್‌ನ ಬಾಲ್ಯದ ಗೆಳೆಯ.

"ಊರಿಗೆ ಊರೇ ಬಸ್ಸಲ್ಲಿದೆ. ನೀನಿಲ್ಲಿ ಯಾರ ಹತ್ರ ಸಹಿ ಹಾಕಿಸ್ತೀಯಾ, ಸೀಗಲ್ ಹಕ್ಕಿಗಳ ಹತ್ರಾನಾ? ಹತ್ತು, ಊಟಾನಾದ್ರೂ ಮಾಡುವಂತೆ."

ನೆವಿಲ್ ಹತ್ತಿದ. ಕೆವ್, ಮಿಸೆಸ್ ಹ್ಯಾಲೊರನ್ ಸೇರಿ ಬಸ್ಸಿನಲ್ಲಿದ್ದ ನಲವತ್ತು ಜನ ಅವನನ್ನೂ ಅವನ ಕೈಯ ಹಾಳೆಯನ್ನೂ ನೋಡಿ, ಎಲ್ಲರೂ ಒಟ್ಟಿಗೇ ಸಮುದ್ರದ ಕಡೆ ಮುಖ ತಿರುಗಿಸಿದರು.

ಆ ನಾಡಿನಲ್ಲಿ ಯಾವ ಕ್ಲಬ್ಬಿಗೆ ಹೋದರೂ ಬಾಗಿಲ ಬಳಿ ಮೇಜು, ಮೇಜಿನ ಮೇಲೆ ಪುಸ್ತಕ. ಹೆಸರು, ವಿಳಾಸ, ಸಹಿ ಬರೆದೇ ಒಳಗೆ ಹೋಗಬೇಕು. ಹುಟ್ಟಿದಾಗಿನಿಂದ ಬರೆದು ಬರೆದು ಅಲ್ಲಿನವರ ಕೈ ಮೇಜು ಕಂಡರೆ ತಾನೇ ಪೆನ್ನಿಗೆ ಹೋಗುತ್ತದೆ. ಬುಧವಾರದ ಊಟಕ್ಕೆ ಕ್ಯಾಸಿನೋದವರೂ ಅದೇ ಪದ್ಧತಿ ಇಟ್ಟಿದ್ದರು.

ಮೊದಲು ಇಳಿದ ನೆವಿಲ್ ತನ್ನ ಹಾಳೆಯನ್ನು ಮೇಜಿನ ಮೇಲೆ ಪುಸ್ತಕದ ಪಕ್ಕದಲ್ಲಿಟ್ಟು, ಕನ್ನಡಕ ಹುಡುಕಿ, ಪುಸ್ತಕದಲ್ಲಿ ಹೆಸರು ಬರೆದ. ತಿರುಗಿ ನೋಡುತ್ತಾನೆ, ಮಿಸೆಸ್ ಹ್ಯಾಲೊರನ್ ಅವನ ಹಾಳೆಯ ಮೇಲೆ ಸಹಿ ಹಾಕಿ ಪೆನ್ನನ್ನು ಹಿಂದಿನವರಿಗೆ ಕೊಡುತ್ತಿದ್ದಾರೆ! ಅವರ ಹಿಂದೆ ಕೆವ್. ಅವನೂ ಹಾಳೆಯ ಮೇಲೇ ಬರೆದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಸಾಲು ಮಾಮೂಲಿನಂತೆ ಸಾಗುತ್ತಿತ್ತು. ಮೇಜಿನ ಹಿಂದಿದ್ದ ಹೆಂಗಸು ಊಟದ ಚೀಟಿ ಹರಿದು ಕೊಡುವ ಗಡಿಬಿಡಿಯಲ್ಲಿ ತಲೆ ಎತ್ತಲಿಲ್ಲ.

ಅದು ಬೇರೆ ಹಾಳೆ ಎಂದು ಹೇಳಲು ನೆವಿಲ್ ಬಾಯಿ ತೆರೆದ. ಅಪ್ಪನ ಒಲೆ ನೆನಪಾಯಿತು. ಬಾಯಿ ಮುಚ್ಚಿದ. ಕೊನೆಗೆ ಬಂದ ಟ್ರೆವರ್ ಕೂಡ ಸಹಿ ಹಾಕಿದಮೇಲೆ ಹಾಳೆಯನ್ನು ಮಡಚಿ ಅಂಗಿಯೊಳಗೆ ತುರುಕಿಕೊಂಡ.

ಕೆಲಸವೇನೋ ಆಯಿತು, ಆದರೆ ನೆವಿಲ್ ಊಟವನ್ನು ತಟ್ಟೆಯಲ್ಲೇ ಕೆದಕುತ್ತ ಕೂತ. "ಯಾಕೋ ಮಗಾ, ಬಾಡಿದ್ದೀಯ?" ಎಂದು ಮಿಸೆಸ್ ಹ್ಯಾಲೊರನ್ ತಮ್ಮ ತಟ್ಟೆಯ ಹುರಿದ ಆಲೂಗಡ್ಡೆಯನ್ನೆಲ್ಲ ಅವನ ತಟ್ಟೆಗೆ ಹಾಕಿದರು. ಕೆವ್ ತನ್ನ ಬಿಯರಿನಲ್ಲಿ ಅರ್ಧ ಅವನಿಗೆ ಸುರಿದ. ಇಂಥವರ ಕಣ್ಣಿಗೆ ಮಣ್ಣೆರಚಿದೆನಲ್ಲ ಎಂದು ನೆವಿಲ್ ಒಳಗೊಳಗೇ ಬೆಂದುಹೋದ.

ಊಟವಾದಮೇಲೆ ಮ್ಯಾನೇಜರ್ ಗಾರ್ವಿ ಬಾಗಿಲ ಪುಸ್ತಕ ಹಿಡಿದು ವೇದಿಕೆ ಹತ್ತಿದ. ಅದರಲ್ಲಿರುವ ಒಂದು ಹೆಸರಿಗೆ ಪ್ರತಿ ವಾರ ಬಹುಮಾನ. ಪುಸ್ತಕ ತೆರೆದವನು ಪುಟಗಳನ್ನು ಹಿಂದೆ ಮುಂದೆ ಮಗುಚಿ ನೋಡಿದ.

"ಇದೇನ್ರೀ, ಇವತ್ತು ಬರೆದಿರೋದು ಒಬ್ಬರೇನಾ? ಆಗಲಿ, ಇದ್ದವರಿಗೇ ಸೇರಲಿ. ನೆವಿಲ್ ಪ್ರೌಸ್! ನಮ್ಮ ಹೊಸ ಅಂಗಡಿಯಿಂದ ಒಂದು ವರ್ಷ ಪೂರ್ತಿ ಪುಕ್ಕಟೆ ಪೈ! ನೀವು ರಸ್ತೆ ದಾಟಿದ್ರೆ ಸಾಕು."

ಸಭೆಗೆ ಸಭೆಯೇ ಎದ್ದು ಚಪ್ಪಾಳೆ ತಟ್ಟಿತು. ತನ್ನ ದೆಸೆಯಿಂದ ಬಹುಮಾನದ ಅವಕಾಶ ಕಳೆದುಕೊಂಡ ನಲವತ್ತು ಜನ ತನಗೇ ಚಪ್ಪಾಳೆ ತಟ್ಟುತ್ತಿದ್ದಾರೆ! ನೆವಿಲ್‌ನ ಕಣ್ಣು ತುಂಬಿತು.

"ನಾನು... ನಾನು ಸತ್ತೇ ಹೋಗಿದ್ದೆ," ಎಂದ ಮೈಕಿನಲ್ಲಿ. "ಇವರ ಯಂತ್ರ ಎಬ್ಬಿಸ್ತು. ನೀವೆಲ್ಲ ಆಸ್ಪತ್ರೆಗೆ ಹೊತ್ಕೊಂಡು ಹೋದ್ರಿ. ಎಲ್ಲರಿಗೂ ನಾನು ಋಣಿ. ಇದಕ್ಕಿಂತ ಹೆಚ್ಚು ಏನು ಹೇಳ್ಲಿ?"

ಹೇಳಿದವನೇ ಸೀದಾ ಶೌಚಾಲಯಕ್ಕೆ ಹೋದ. ಮೋಸದ ಸಹಿ ನನಗೆ ಬೇಡ ಎಂದು ಹಾಳೆಯನ್ನು ಚೂರು ಚೂರು ಮಾಡಿ ಕಮೋಡಿಗೆ ಹಾಕಿ ಎರಡು ಸಲ ನೀರು ಬಿಟ್ಟ. ಎದೆಯ ಭಾರ ಇಳಿಯಿತು. ಒಲೆ ಹೋದರೆ ಹೋಗಲಿ, ಇಂಥ ಜನ ಇದ್ದಾರಲ್ಲ, ಅಷ್ಟು ಸಾಕು ಎನಿಸಿತು.

ಎಲ್ಲರೂ ಆಟ ಮುಗಿಸಿ ನಾಲ್ಕೂವರೆಗೆ ವಾಪಸು ಹೊರಟಾಗ, ಬಸ್ಸು ಕ್ಯಾಸಿನೋದ ಗೇಟು ದಾಟಿತೋ ಇಲ್ಲವೋ, ಮಿಸೆಸ್ ಹ್ಯಾಲೊರನ್ ಹಿಂದಿನ ಸೀಟಿನಿಂದ ಬಾಗಿದರು.

"ಭದ್ರವಾಗಿ ಇಟ್ಟಿದ್ದೀಯ ತಾನೆ?"

"ಏನನ್ನ?"

"ಹಾಳೇನ ಕಣೋ! ನಾನು ಎರಡು ಸಲ ಓದಿ, ಆಮೇಲೆ ಸಹಿ ಹಾಕಿದ್ದು."

ನೆವಿಲ್‌ಗೆ ಬಸ್ಸು ಗಿರ್ರನೆ ತಿರುಗಿದಂತಾಯಿತು. "ಓದಿ... ಹಾಕಿದ್ರಾ?"

"ಮತ್ತೇನು ನಾವೆಲ್ಲ ಕುರುಡರು ಅಂದ್ಕೊಂಡ್ಯಾ?" ಎಂದು ಕೆವ್ ಮುಂದಿನ ಸೀಟಿನಿಂದ ತಿರುಗಿದ. "ಬೀದೀಲಿ ನಿಂತು ಹಾಕೋಕಾಗುತ್ತಾ? ಚಾವಣಿ ಕೊಟ್ಟೋರು, ಜೆರ್ಸಿ ಕೊಟ್ಟೋರು, ಯಾರಾದ್ರೂ ನೋಡಿದ್ರೆ? ಬಾಗಿಲ ಮೇಜಿನ ಮೇಲಾದ್ರೆ ಯಾರೂ ನೋಡಲ್ಲ. ಎಂಥಾ ತಲೆ ಓಡಿಸ್ದೆ ಮಾರಾಯ! ಬಹುಮಾನ ಹೋದ್ರೆ ಹೋಯ್ತು, ನಿನ್ನ ಪೈ ಉಳೀತಲ್ಲ."

"ಆ ಭಾಷಣ ಬೇರೆ!" ಎಂದು ಯಾರೋ ಕೂಗಿದರು. "ಕಣ್ಣೀರು ಹಾಕಿದ್ದಂತೂ... ಗಾರ್ವಿಗೆ ಒಂಚೂರೂ ಅನುಮಾನ ಬರಲಿಲ್ಲ!"

ನೆವಿಲ್ ಏನೋ ಹೇಳಲು ಹೊರಟ. ನಲವತ್ತು ಜನರ ನಗು, ಬೆನ್ನು ತಟ್ಟುವಿಕೆಯ ನಡುವೆ ಅವನ ಮಾತು ಮುಳುಗಿಹೋಯಿತು. ಟ್ರೆವರ್ ಬಸ್ಸನ್ನು ಇದ್ದಕ್ಕಿದ್ದಂತೆ ಬಲಕ್ಕೆ ತಿರುಗಿಸಿ, ಪುರಸಭೆಯ ಮೆಟ್ಟಿಲಿಗೇ ತಂದು ನಿಲ್ಲಿಸಿದ. ಕ್ಯಾಸಿನೋದ ಬಸ್ಸು, ಕ್ಯಾಸಿನೋದ ಚಾಲಕ!

"ಕೆಲಸ ಹೋದ್ರೂ ಪರವಾಗಿಲ್ಲ. ಇನ್ನೂ ಎರಡು ನಿಮಿಷ ಇದೆ. ಓಡು!"

ಅವರೇ ಅವನನ್ನು ಎತ್ತಿ ಇಳಿಸಿದರು. ನೆವಿಲ್ ಒಳಗೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಗೋಡೆಯ ಗಡಿಯಾರ ಐದು ತೋರಿಸಿತು. ಗುಮಾಸ್ತೆ ಕಿಟಕಿಯ ಪರದೆ ಎಳೆಯುತ್ತ ಕೇಳಿದಳು:

"ಮುಗೀತು, ನಾಳೆ ಬನ್ನಿ. ಏನಾದ್ರೂ ಕೊಡೋದಿತ್ತಾ?"

"ಏನೂ ಇಲ್ಲಮ್ಮ," ಎಂದ ನೆವಿಲ್. "ಆ ಬಸ್ಸು ಹೋಗೋವರೆಗೂ ಇಲ್ಲಿ ನಿಂತಿರ್ಲಾ?"

ಅವಳು ಪರದೆಯ ಸಂದಿಯಿಂದ ಹೊರಗೆ ಇಣುಕಿದಳು.

"ಅದು ಹೋಗೋ ಹಾಗೆ ಕಾಣಲ್ಲ ಸರ್. ಎಲ್ಲರೂ ಇಳಿದು ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದಾರೆ. ಯಾರನ್ನೋ ಹೆಗಲ ಮೇಲೆ ಹೊತ್ಕೊಂಡು ಹೋಗೋಕೆ ಕಾಯ್ತಾ ಇರೋ ಹಾಗಿದೆ."