ಸರಾಸರಿಯಲ್ಲಿ ನಮ್ಮತ್ತೆಯ ಪಾಲು

ಉಳ್ಳವರಿಗೂ ಇಲ್ಲದವರಿಗೂ ನಡುವೆ ಅಂತರ ಎಷ್ಟು ಬೆಳೆದಿದೆ ಎಂದು ಅಳೆಯಲು ದೊಡ್ಡ ದೊಡ್ಡ ಪಂಡಿತರು ತಲೆ ಕೆಡಿಸಿಕೊಳ್ಳುತ್ತಾರಂತೆ. ಯಾಕೆ ಬೇಕು? ಕೃಷ್ಣರಾಜಪೇಟೆಯಲ್ಲಿರುವ ನಮ್ಮ ಸೋದರತ್ತೆಯ ಸಿಟ್ಟನ್ನು ವರ್ಷಕ್ಕೊಮ್ಮೆ ಅಳೆದರೆ ಸಾಕು!

ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಅತ್ತೆಗೆ ಪೇಪರು ಓದಿ ಹೇಳುವುದು ನನ್ನ ಭಾನುವಾರದ ಕೆಲಸ. ಜನರ ಸರಾಸರಿ ಆದಾಯ ಏರಿದೆ ಎಂದು ಓದಿದ್ದೇ ತಪ್ಪಾಯಿತು.

“ಸರಾಸರಿ ಅಂದ್ರೇನ್ಲಾ?”

“ಎಲ್ಲರ ಆದಾಯಾನೂ ಕೂಡ್ಸಿ, ಎಲ್ಲರಿಗೂ ಸಮನಾಗಿ ಹಂಚೋದು ಅತ್ತೆ.”

“ಅಂಚ್ಬುಟ್ರಾ? ಯಾವಾಗ್ಲಾ? ನನ್ ಪಾಲು ಯಾರ್ ತಿಂದ್ರು?”

ಅದು ಬರೀ ಕಾಗದದ ಲೆಕ್ಕ ಎಂದರೆ ಕೇಳಬೇಕಲ್ಲ! ಡೈರಿ ಮುಂದೆ ನಿಂತವರನ್ನೆಲ್ಲ “ನಿಮ್ಗೆ ಬಂತಾ?” ಎಂದು ವಿಚಾರಿಸಿದಳು. ಯಾರಿಗೂ ಬಂದಿರಲಿಲ್ಲ. ಆಮೇಲೆ ನನ್ನನ್ನೇ ಗುಮಾನಿಯಿಂದ ನೋಡತೊಡಗಿದಳು!

ಅಷ್ಟರಲ್ಲಿ ಸಮೀಕ್ಷೆಗೆಂದು ನಾಗಮಂಗಲದ ಒಬ್ಬ ಹುಡುಗಿ ಬಂದಳು. ಹಿಂದೊಮ್ಮೆ ಇದೇ ಬೀದಿಯಲ್ಲಿ ಕೇಳಿದ್ದನ್ನೇ ಮತ್ತೆ ಕೇಳಿ, ಆಗಿಗೂ ಈಗಿಗೂ ಯಾರ ಆದಾಯ ಎಷ್ಟು ಏರಿತೆಂದು ತಾಳೆ ನೋಡುತ್ತಾರಂತೆ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಎದುರ್ಗಡೆ ಬಂಗ್ಲೆಯೋರ್ನ ಕೇಳ್ದಾ?”

“ಅವ್ರು ಗೇಟೇ ತೆಗ್ಯಲ್ಲಮ್ಮ. ಹೋದ್ಸಲಾನೂ ತೆಗೀಲಿಲ್ವಂತೆ.”

“ಮತ್ತೆ ಬಡೂರ್ನ ಮಾತ್ರ ಅಳ್ದು ದೇಶದ್ ಲೆಕ್ಕ ಅಂತೀರಾ? ಆ ಬಂಗ್ಲೆಯೋನೂ ನಾನೂ ಒಂದೇ ಬಸ್ಸಲ್ಲಿ ನೇತಾಕಂಡು ಸಂತೆಗೋಯ್ತಿದ್ದೋ ಕಣವ್ವ! ಈಗ ಅವ್ನ ಮಖ ನೋಡಕ್ಕೆ ವಾಚ್‌ಮನ್ನನ್ನ ಕೇಳ್ಬೇಕು. ಬಾ ನೀನು!”

ಅತ್ತೆ ಗೇಟು ಬಡಿದ ರಭಸಕ್ಕೆ ನಾಯಿ ಬೊಗಳಿತು, ವಾಚ್‌ಮನ್ ಬೈದ, ಕೊನೆಗೆ ಯಜಮಾನರೇ ಬಾಲ್ಕನಿಗೆ ಬಂದರು. ಕೆಳಗೆ ಅಂಗಳದಲ್ಲಿ ಮೂರು ಕಾರು ನಿಂತಿದ್ದವು.

“ನಮ್ದೇನೈತೆ? ವ್ಯವಸಾಯ. ಖರ್ಚಿಗೇ ಸಾಲಲ್ಲ ಅಂತ ಬರ್ಕೊಳಿ.”

“ಯಾವ್ ಗದ್ದೇಲಿ ಮೂರ್ ಕಾರು ಬೆಳ್ದೆಲಾ? ನಂಗೂ ಒಸಿ ಬಿತ್ನೆ ಕೊಡು!”

ಬಾಲ್ಕನಿಯ ಬಾಗಿಲು ದಢಾರನೆ ಮುಚ್ಚಿತು. ಹುಡುಗಿಯ ಮುಖ ಬಾಡಿತು. “ನಮ್ಗೆ ಮನೆಗಿಷ್ಟು ಅಂತ ಕೊಡೋದು. ಪೂರ್ತಿ ಉತ್ರ ಸಿಗದ ಮನೆಗೆ ಕಾಸಿಲ್ಲಮ್ಮ” ಎಂದಳು.

ಅತ್ತೆ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಡಿಸಿಕೊಂಡಳು. “ನಿನ್ ಆದಾಯ ಯಾರವ್ವ ಕೇಳ್ತಾರೆ?” ಎಂದಳು. ಹುಡುಗಿ ನಗಲು ನೋಡಿದಳು, ಆಗಲಿಲ್ಲ.

ಅವಳನ್ನು ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟ ಅತ್ತೆ, ಕೇಳಿದ್ದಕ್ಕೆಲ್ಲ ಜಗಳವಿಲ್ಲದೆ ಉತ್ತರ ಹೇಳಿದಳು. ಆಮೇಲೆ ಕೊಡೆ ಬಿಚ್ಚಿ ಹುಡುಗಿಯ ತಲೆಯ ಮೇಲೆ ಹಿಡಿದು, ಅವಳ ಜೊತೆಯಲ್ಲೇ ಬೀದಿಗಿಳಿದಳು.

“ಬಾಗ್ಲು ತೆಗೀರ್ರಪ್ಪ! ನಮ್ ಮಗ್ಳು ಬಂದವ್ಳೆ!”

ಕೊಡೆ ಚಿಕ್ಕದು. ಅತ್ತೆ ಪೂರಾ ಬಿಸಿಲಲ್ಲೇ ನಡೆಯುತ್ತಿದ್ದಳು.