ಲೆನ್ಸಿಗೂ ಸೂತಕ

ನಮ್ಮ ಚಿಕ್ಕಮ್ಮ ಸತ್ತವರ ಕಣ್ಣುಗಳನ್ನು ಕೊಳ್ಳುತ್ತಾರೆ!

ಗಾಬರಿಯಾಗಬೇಡಿ, ಪೊಲೀಸರಿಗೆ ಫೋನ್ ಮಾಡಬೇಕಾಗಿಲ್ಲ. ಕಣ್ಣು ಎಂದರೆ ಕ್ಯಾಮೆರಾದ ಲೆನ್ಸು. ಚಿಕ್ಕಮ್ಮನ ಬಾಯಲ್ಲಿ ಅದು ಯಾವತ್ತೂ ಕಣ್ಣೇ. ಶಿವಮೊಗ್ಗದ ಕೋಟೆ ಬಡಾವಣೆಯಲ್ಲಿ ಅವರ ಮನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಟ್ಟು ನಿವೃತ್ತರಾದವರು. ನಿವೃತ್ತರಾದವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಕಾಶಿಗೆ ಹೋಗುತ್ತಾರೆ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾರೆ. ಇವರು ಹಳೆಯ ಕ್ಯಾಮೆರಾ ಒಂದನ್ನು ಕುತ್ತಿಗೆಗೆ ನೇತುಹಾಕಿಕೊಂಡು ತುಂಗೆಯ ದಂಡೆಯ ಕಾಗೆಗಳ ಹಿಂದೆ ಬಿದ್ದರು. ಅಕ್ಕನ ಮಗನಾದ ತಪ್ಪಿಗೆ, ಜೊತೆಗೆ ಸ್ಕೂಟರ್ ಇಟ್ಟುಕೊಂಡ ತಪ್ಪಿಗೆ, ನಾನು ಅವರ ಸಾರಥಿಯಾದೆ.

ಈ ಚಟ ಹತ್ತಿದವರನ್ನು ಕೇಳಿ ನೋಡಿ. ಕ್ಯಾಮೆರಾ ಒಂದೇ ಸಾಕು, ಲೆನ್ಸು ಮಾತ್ರ ಯಾವಾಗಲೂ ಇನ್ನೊಂದು ಬೇಕು. ಹಕ್ಕಿಗೆ ಉದ್ದದ್ದು ಬೇಕು, ದೇವಸ್ಥಾನದ ಒಳಗೆ ಅಗಲದ್ದು ಬೇಕು, ಮನುಷ್ಯರ ಮುಖಕ್ಕೆ ಐವತ್ತು ಮಿಲಿಮೀಟರಿನದು ಬೇಕು. ಚಿಕ್ಕಮ್ಮನ ಬಜೆಟ್ಟೋ, ಮನೆಪಾಠದಲ್ಲಿ ಉಳಿದಷ್ಟು. ಬಸ್ ಸ್ಟ್ಯಾಂಡ್ ಹತ್ತಿರದ ಕ್ಯಾಮೆರಾ ಅಂಗಡಿಯವನು ಹೊಸ ಲೆನ್ಸೊಂದನ್ನು ಹತ್ತಿಯ ಮೇಲಿಟ್ಟು ತೋರಿಸಿದ. ಬೆಲೆ ಕೇಳಿದ ಚಿಕ್ಕಮ್ಮ ಒಂದು ಕ್ಷಣ ಕಣ್ಣು ಮುಚ್ಚಿದರು. ಆಮೇಲೆ ಇದು ಇಲ್ಲಿಯವರೆಗೆ ಏನೇನು ನೋಡಿದೆ ಎಂದು ವಿಚಾರಿಸಿದರು. ಅಮ್ಮಾ, ಈಗಷ್ಟೇ ಡಬ್ಬ ಒಡೆದದ್ದು, ಏನೂ ನೋಡಿಲ್ಲ ಎಂದ ಅವನು.

“ಏನೂ ನೋಡದೇ ಇರೋದಕ್ಕೆ ಇಷ್ಟು ದುಡ್ಡಾ?” ಎಂದು ಚಿಕ್ಕಮ್ಮ ಹೊರಗೆ ಬಂದರು.

ಜಿಪುಣತನಕ್ಕೆ ಇಷ್ಟು ಚೆನ್ನಾದ ವೇದಾಂತ ಹೊಲಿದುಕೊಟ್ಟವರನ್ನು ನಾನು ಬೇರೆ ಕಂಡಿಲ್ಲ. ಅಂದಿನಿಂದ ಅವರದು ಸೆಕೆಂಡ್ ಹ್ಯಾಂಡ್ ಲೆನ್ಸುಗಳ ಬೇಟೆ. ಹಳೆಯ ಫಿಲ್ಮ್ ಕಾಲದ ಲೆನ್ಸಿಗೆ ಅಡಾಪ್ಟರ್ ಎಂಬ ಒಂದು ಅಗ್ಗದ ಬಳೆ ತೊಡಿಸಿದರೆ ಈಗಿನ ಕ್ಯಾಮೆರಾಕ್ಕೂ ಕೂರುತ್ತದೆ. ಅಂಥ ಲೆನ್ಸುಗಳು ಎಲ್ಲಿರುತ್ತವೆ? ಫೋಟೋ ತೆಗೆಯುವವರು ಹೋಗಿಬಿಟ್ಟ ಮನೆಗಳ ಅಟ್ಟದಲ್ಲಿ.

ಮೊದಲನೆಯದು ಕೋಟೆಯಲ್ಲೇ ಸಿಕ್ಕಿತು. ತೀರಿಕೊಂಡ ಸ್ಟುಡಿಯೋ ಮಾಲೀಕರೊಬ್ಬರದು, ಮಗಳು ಮಾರಿದಳು. ಮನೆಗೆ ತಂದು ಚಿಕ್ಕಮ್ಮ ನನ್ನದೇ ಒಂದು ಫೋಟೋ ತೆಗೆದರು. ಹಿಂದಿನ ಗೋಡೆ ಇತ್ತು, ಕ್ಯಾಲೆಂಡರ್ ಇತ್ತು, ನನ್ನ ಅಂಗಿ ಇತ್ತು. ಮುಖ ಇದ್ದ ಜಾಗದಲ್ಲಿ ಹಾಲಿನ ಕೆನೆಯಂಥ ಬಿಳುಪು. ಇನ್ನೊಂದು ತೆಗೆದರು. ಅದರಲ್ಲೂ ನಾನಿರಲಿಲ್ಲ. ಮೂರನೆಯದಕ್ಕೆ ನಾನು ಕನ್ನಡಿ ಇದ್ದ ಕೋಣೆಗೆ ಹೋಗಿ, ಇದ್ದೇನೆಂದು ಖಾತ್ರಿ ಮಾಡಿಕೊಂಡು ಬಂದೆ.

“ಪಾಪ, ಇದಕ್ಕೆ ಯಾರೂ ಹೇಳಿಲ್ಲ ಕಣೋ” ಎಂದರು ಚಿಕ್ಕಮ್ಮ.

ಏನು ಹೇಳಿಲ್ಲ? ಯಜಮಾನ ಸತ್ತ ಸುದ್ದಿ! ನೆಂಟರಿಗೆಲ್ಲ ಫೋನ್ ಹೋಗಿದೆ, ಪೇಪರಿನವರಿಗೂ ಹಾಲಿನವನಿಗೂ ಗೊತ್ತಾಗಿದೆ. ನಲವತ್ತು ವರ್ಷ ಅವರ ಕಣ್ಣಿಗಂಟಿಕೊಂಡು ಬದುಕಿದ್ದು ಪೆಟ್ಟಿಗೆಯೊಳಗೆ ಕುಳಿತು ಇನ್ನೂ ಅವರಿಗಾಗಿ ಕಾಯುತ್ತಿದೆ. ಬೇರೆಯವರ ಮುಖ ಅದಕ್ಕೆ ಹೇಗೆ ಕಂಡೀತು? ಚಿಕ್ಕಮ್ಮ ಲೆನ್ಸನ್ನು ಅಂಗೈಯಲ್ಲಿ ಕೂರಿಸಿಕೊಂಡು ಸಾವಧಾನವಾಗಿ ಸುದ್ದಿ ಹೇಳಿದರು. ಸುದ್ದಿ ಕೇಳಿದ ಮೇಲೆ ಸೂತಕ ಬರಬೇಕಲ್ಲ? ತಡವಾಗಿ ಕೇಳಿದವರಿಗೆ ಶಾಸ್ತ್ರದಲ್ಲಿ ರಿಯಾಯಿತಿ ಇದೆಯಂತೆ, ಆದರೆ ಲೆನ್ಸಿಗೆ ರಿಯಾಯಿತಿ ಎಂದು ಯಾರೂ ಬರೆದಿಟ್ಟಿಲ್ಲವಂತೆ. ಹಾಗಾಗಿ ಪೂರ್ತಿ ಹತ್ತು ದಿನ ಅದನ್ನು ಯಾರೂ ಮುಟ್ಟದಂತೆ ಅಕ್ಕಿ ಡಬ್ಬದಲ್ಲಿ ಹೂತಿಟ್ಟರು. ಹನ್ನೊಂದನೆಯ ದಿನ ತೆಗೆದ ಫೋಟೋದಲ್ಲಿ ನನ್ನ ಮುಖ ಬಂತು, ಮೂಗಿನ ಮೇಲಿನ ಮಚ್ಚೆಯ ಸಮೇತ. ಅಕ್ಕಿ ಒಳಗಿನ ತೇವ ಹೀರಿಕೊಂಡಿದೆ ಎಂದ ಅಂಗಡಿಯವನು. ಇರಬಹುದು. ಆ ಅಕ್ಕಿಯನ್ನು ಏನು ಮಾಡಿದರು ಅನ್ನುತ್ತೀರಾ? ನಮಗೇ ಬಡಿಸಿದರು. ಚಿತ್ರಾನ್ನ ಎಂಬ ಹೆಸರು ಅಷ್ಟು ಸರಿಯಾಗಿ ಒಪ್ಪಿದ ಅಡುಗೆಯನ್ನು ನಾನು ಇನ್ನೊಮ್ಮೆ ತಿಂದಿಲ್ಲ.

ಎರಡನೆಯದನ್ನು ನೋಡಲು ರಾಗಿಗುಡ್ಡಕ್ಕೆ ಹೋದೆವು. ಅಡಿಕೆ ಮಂಡಿಯವರೊಬ್ಬರು ತಮ್ಮ ತಂದೆಯ ಉದ್ದನೆಯ ಲೆನ್ಸು ಮಾರಲು ಇಟ್ಟಿದ್ದರು. ಚಿಕ್ಕಮ್ಮ ಒಳಗೆ ಟಾರ್ಚು ಬಿಟ್ಟು ಬೂಷ್ಟು ಹಿಡಿದಿದೆಯೇ ಎಂದು ನೋಡಿದರು, ಲೆನ್ಸಿನ ಬಳೆ ತಿರುಗಿಸಿದರು, ಕೊನೆಗೆ ಕ್ಯಾಮೆರಾಕ್ಕೆ ಸಿಕ್ಕಿಸಿ ಗುಡ್ಡದ ಕಡೆ ಹಿಡಿದರು. ಹಿಡಿದವರು ಹಾಗೇ ನಿಂತುಬಿಟ್ಟರು. ಬಂಡೆಯ ಪಕ್ಕ ಬಿಳಿ ಪಂಚೆಯವರೊಬ್ಬರು ನಿಂತು ನಮ್ಮನ್ನೇ ನೋಡುತ್ತಿದ್ದಾರೆ ಎಂದರು. ಬರಿಗಣ್ಣಿಗೆ ಬಂಡೆ ಬಿಟ್ಟು ಏನೂ ಇಲ್ಲ. ನಾನು ಕ್ಯಾಮೆರಾ ಇಸಿದುಕೊಂಡು ನೋಡಿದೆ. ನಿಂತಿದ್ದರು. ಮೂರು ಸಲ ಒತ್ತಿದೆ. ಮೂರರಲ್ಲೂ ಬಂಡೆ ಮಾತ್ರ ಬಂತು. ಮಂಡಿಯವರ ಮುಖ ಬಿಳುಚಿಕೊಂಡಿತು. ನಮ್ಮ ತಂದೆ ಯಾವಾಗಲೂ ಪಂಚೆಯೇ ಉಡುತ್ತಿದ್ದದ್ದು ಎಂದು ಹೇಳಿ ಬೆಲೆಯನ್ನು ತಾವಾಗಿಯೇ ಅರ್ಧಕ್ಕಿಳಿಸಿದರು. ಆದರೂ ಚಿಕ್ಕಮ್ಮ ಬೇಡವೆಂದರು. ಹೆದರಿಕೆಯಿಂದ ಎಂದುಕೊಂಡಿರಾ? ತೂಕ ಜಾಸ್ತಿಯಂತೆ, ಕೈ ನೋಯುತ್ತದಂತೆ! ಗುಡ್ಡ ಇಳಿಯುವವರೆಗೂ ನಾನು ಸ್ಕೂಟರಿನ ಕನ್ನಡಿ ನೋಡಲಿಲ್ಲ.

ಮೂರನೆಯದು ಭದ್ರಾವತಿಯ ಕಾಗದನಗರದಲ್ಲಿದೆಯೆಂದು ಆ ಅಂಗಡಿಯವನೇ ತಿಳಿಸಿದ. ಚಿಕ್ಕಮ್ಮ ಹುಡುಕುತ್ತಿದ್ದ ಐವತ್ತು ಮಿಲಿಮೀಟರಿನದು, ಬಜೆಟ್ಟಿಗೂ ಹೊಂದುವಂಥದ್ದು. ಹಾಡುಹಗಲು ಹನ್ನೊಂದು ಗಂಟೆಗೆ ಹೋದೆವು. ಕಾಗದದ ಕಾರ್ಖಾನೆ ಮುಚ್ಚಿ ಸದ್ದು ನಿಂತ ಮೇಲೆ ಆ ಕ್ವಾರ್ಟರ್ಸುಗಳ ಸಾಲಿನಲ್ಲಿ ಹಗಲಿಗೂ ಒಂದು ಥರದ ಮೌನ ಇರುತ್ತದೆ. ಬೀಗ ಹಾಕಿದ ಬಾಗಿಲುಗಳು, ಕಿಟಕಿಯೊಳಗಿಂದ ಹೊರಗೆ ಕೈಚಾಚಿದ ಬಳ್ಳಿಗಳು. ಎಲ್ಲೋ ಒಂದು ಮನೆಯೊಳಗೆ ಎಲೆಅಡಿಕೆ ಕುಟ್ಟುವ ಸದ್ದು ಮಾತ್ರ ಕೇಳುತ್ತಿತ್ತು. ಅದೇ ನಾವು ಹುಡುಕುತ್ತಿದ್ದ ಮನೆ.

ಗೇಟಿನ ಬಳಿ ಹೆಂಗಸೊಬ್ಬರು ನಿಂತಿದ್ದರು. ಹಣೆ ತುಂಬ ಕುಂಕುಮ, ಕೈ ತುಂಬ ಬಳೆ, ಮುಡಿಯಲ್ಲಿ ಕನಕಾಂಬರ. ಗಂಡ ತೀರಿಕೊಂಡವರು ಲೆನ್ಸು ಮಾರುತ್ತಿದ್ದಾರೆ ಎಂದು ಬಂದಿದ್ದ ನಾವು ಮನೆ ತಪ್ಪಿತೆಂದು ತಿರುಗಿದೆವು. ಆಕೆ ಬೆರಳನ್ನು ತುಟಿಗಿಟ್ಟು ನಮ್ಮನ್ನು ತಡೆದರು.

“ಒಳಗೆ ನಮ್ಮತ್ತೆ ಇದ್ದಾರೆ. ಅವರಿಗೆ ಗೊತ್ತಿಲ್ಲ” ಎಂದರು.

ಗಂಡ ಮದುವೆಯೊಂದರ ಫೋಟೋ ತೆಗೆಯಲು ಹೋಗುವಾಗ ಬಸ್ಸಿನಲ್ಲೇ ಕುಸಿದರಂತೆ. ನಾಲ್ಕು ತಿಂಗಳಾಯಿತು. ಅತ್ತೆಯ ಹೃದಯ ಈ ಸುದ್ದಿ ತಡೆಯಲಾರದು ಎಂದು ಡಾಕ್ಟರು ಹೇಳಿದ್ದರಿಂದ ನೆಂಟರ ಊರಿನಲ್ಲೇ ಎಲ್ಲ ಮುಗಿಸಿದರು. ಈಕೆ ಅಂದು ಸಂಜೆಯೇ ವಾಪಸಾದರು, ದಾರಿಯ ನಲ್ಲಿಯಲ್ಲಿ ಮುಖ ತೊಳೆದು, ಕುಂಕುಮ ಇಟ್ಟುಕೊಂಡು. ಅತ್ತೆಗೆ ಮಂಜು ಮಂಜಾಗಿ ಕಾಣುತ್ತದೆ, ಆದರೆ ಬಳೆಯ ಸದ್ದು ತಪ್ಪಿದರೆ ತಿಳಿಯುತ್ತದೆ. ಮಗ ಹೊಸೂರಿನಲ್ಲಿ ಕೆಲಸಕ್ಕೆ ಸೇರಿದ್ದಾನೆಂದು ಹೇಳಿದ್ದಾರೆ. ಭಾನುವಾರಕ್ಕೊಮ್ಮೆ ಪಕ್ಕದ ಕ್ವಾರ್ಟರ್ಸಿನವರು ತಮ್ಮ ಮನೆಯಿಂದ ಫೋನ್ ಮಾಡಿ, ಸತ್ತ ಮಗನ ಹಾಗೆಯೇ ಗಂಟಲು ಸರಿಮಾಡಿಕೊಂಡು, ಅಮ್ಮಾ ಊಟ ಆಯ್ತಾ ಎಂದು ಕೇಳುತ್ತಾರೆ.

ನಾನು ಚಿಕ್ಕಮ್ಮನ ಕಿವಿಯಲ್ಲಿ ಬೇಡಿಕೊಂಡೆ. ಮಾರಾಯ್ತಿ, ಇಲ್ಲಿ ಮಾತ್ರ ಲೆನ್ಸಿಗೆ ಏನೂ ಹೇಳಬೇಡ, ದಾರಿಯಲ್ಲಿ ಹೇಳಿಕೊಳ್ಳೋಣ ಎಂದೆ. ಚಿಕ್ಕಮ್ಮನಿಗೆ ಪೇಚಾಟಕ್ಕಿಟ್ಟುಕೊಂಡಿತು. ಸತ್ತವರ ಮನೆಯ ವಸ್ತುವನ್ನು ಸುದ್ದಿ ಮುಚ್ಚಿಟ್ಟು ಹೊಸ್ತಿಲು ದಾಟಿಸಿದರೆ ಅದು ಕಳ್ಳಸಾಗಣೆಯಂತೆ. ಕೊನೆಗೆ ಪಿಸುಗುಡುತ್ತೇನೆ ಎಂದು ಮಾತು ಕೊಟ್ಟರು. ನಾನು ಒಪ್ಪಿದೆ. ಮೂವತ್ತು ವರ್ಷ ಕೊನೆಯ ಬೆಂಚಿನವರೆಗೆ ಪಾಠ ಮುಟ್ಟಿಸಿದ ಗಂಟಲಿಗೆ ಪಿಸುಗುಡುವುದು ಮರೆತುಹೋಗಿರುತ್ತದೆ ಎಂಬುದು ಆಗ ನನಗೆ ಹೊಳೆಯಲೇ ಇಲ್ಲ.

ನಡುಮನೆಯಲ್ಲಿ ಆಕೆ ಚರ್ಮದ ಚೀಲದಿಂದ ಲೆನ್ಸು ತೆಗೆದುಕೊಟ್ಟರು. ಚಿಕ್ಕಮ್ಮ ಅದನ್ನು ಅಂಗೈಯಲ್ಲಿ ಕೂರಿಸಿಕೊಂಡು, ಬಾಯಿಗೆ ಸೆರಗು ಅಡ್ಡ ಹಿಡಿದು, ತಮ್ಮ ಮಟ್ಟಿಗೆ ಪಿಸುಗುಟ್ಟಿದರು.

“ನಿನ್ನ ಯಜಮಾನರು ತೀರಿಕೊಂಡರಪ್ಪ. ನಾಲ್ಕು ತಿಂಗಳಾಯ್ತು.”

ಒಳಗೆ ಎಲೆಅಡಿಕೆ ಕುಟ್ಟುವ ಸದ್ದು ನಿಂತಿತು.

ಗೋಡೆ ಸವರಿಕೊಂಡು ಅಜ್ಜಿ ಬಾಗಿಲಿಗೆ ಬಂದರು. ಯಾರಿಗೆ ಹೇಳಿದ್ದು ಎಂದು ಕೇಳಿದರು. ಸೊಸೆ ಯಾರಿಗೂ ಇಲ್ಲ ಅತ್ತೆ ಎಂದರು. ನಾನು ಬೇರೆ ಯಾರದೋ ಮನೆಯ ಸುದ್ದಿಯೆಂದು ಸುಳ್ಳು ಹೊಸೆಯಲು ಬಾಯಿ ತೆರೆದೆ. ಅಷ್ಟರಲ್ಲಿ ಚಿಕ್ಕಮ್ಮ ಮುಂದೆ ಹೋಗಿ, ಇದಕ್ಕೆ ಹೇಳಿದ್ದು ಎಂದು ಲೆನ್ಸನ್ನು ಅಜ್ಜಿಯ ಕೈಗಿಟ್ಟರು. ಚಿಕ್ಕಮ್ಮ ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಜ್ಜಿ ಲೆನ್ಸಿನ ಬಳೆಯನ್ನು ಒಮ್ಮೆ ತಿರುಗಿಸಿದರು. ಕಿಟಿಕಿಟಿ ಸದ್ದು ಬಂತು. ಆ ಸದ್ದಿನಲ್ಲೇ ಅವರಿಗೆ ಮಗನದೆಂದು ಗೊತ್ತಾಯಿತು. ಅವರು ಬೀಳಲಿಲ್ಲ, ಎದೆ ಹಿಡಿದುಕೊಳ್ಳಲಿಲ್ಲ. ಮೆಲ್ಲಗೆ ನೆಲಕ್ಕೆ ಕೂತು ಅದನ್ನು ಮಡಿಲಿಗೆ ಹಾಕಿಕೊಂಡರು.

“ನಾಲ್ಕು ತಿಂಗಳು ಇದನ್ನೂ ಕತ್ತಲಲ್ಲೇ ಇಟ್ಟಿದ್ರಾ?” ಎಂದರು.

ಅಜ್ಜಿ ಚಿಕ್ಕಮ್ಮನ ಕಡೆ ತಿರುಗಿ, ಸೂತಕ ಕಳೆಯುವವರೆಗೆ ಇದು ತನ್ನ ಹತ್ತಿರ ಇರಲಿ, ಆಮೇಲೆ ಬಂದು ಒಯ್ಯಿ ಎಂದರು. ಚಿಕ್ಕಮ್ಮ ತಲೆಯಾಡಿಸಿದರು. ಭಾನುವಾರದ ಫೋನು ಇನ್ನು ಬೇಡ ಎಂದು ಪಕ್ಕದವರಿಗೆ ಹೇಳಿಕಳಿಸಲು ಅಜ್ಜಿ ಸೊಸೆಗೆ ತಿಳಿಸಿದರು. ಆಮೇಲೆ ಕೈಚಾಚಿ ಸೊಸೆಯ ಬಳೆಗಳನ್ನು ತಡಕಿ ಹಿಡಿದುಕೊಂಡರು.

“ಹಂಡೆ ತುಂಬ ನೀರು ಕಾಯ್ಸಮ್ಮ. ನಿಂದೂ ಸ್ನಾನ ಆಗಿಲ್ಲ.”

ಆಕೆ ನಿಂತಲ್ಲೇ ಕುಸಿದು, ಅತ್ತೆಯ ಹೆಗಲಿಗೆ ಮುಖ ಒತ್ತಿ, ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಗಟ್ಟಿಯಾಗಿ ಅತ್ತರು. ಅವರನ್ನು ಎಬ್ಬಿಸಲು ನಮಗೆ ಮನಸ್ಸಾಗಲಿಲ್ಲ. ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಹಿತ್ತಲಿಗೆ ಹೋಗಿ ಕೊಡದಲ್ಲಿ ನೀರು ತಂದು ತಂದು ಹಂಡೆಗೆ ಸುರಿದರು. ನಾನು ಒಲೆಗೆ ಸೌದೆ ಒಟ್ಟಿ ಬೆಂಕಿ ಹಚ್ಚಿದೆ. ಕಣ್ಣಲ್ಲಿ ನೀರು ಬರುತ್ತಿತ್ತು, ಹೊಗೆ ಇನ್ನೂ ಎದ್ದಿರಲಿಲ್ಲ.